ಮೇಜಿನ ಮೇಲಿನ ಸ್ಪೀಕರ್: ಸಂಗೀತಕ್ಕೂ ಗೇಮ್‌ಗೂ ಹೊಂದುವುದನ್ನು ಪರೀಕ್ಷಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಕಂಪ್ಯೂಟರ್ ಮೇಜಿನ ಮೇಲೆ ಸದ್ಯ ಎರಡು ಬಗೆಯ ಸ್ಪೀಕರ್‌ಗಳಿವೆ. ಮೊದಲನೆಯದು ಮುಷ್ಟಿಗಿಂತ ತುಸು ದೊಡ್ಡದಾದ ಎರಡು ಪುಟ್ಟ ಪೆಟ್ಟಿಗೆಗಳೂ ಬೇಸ್ ನುಡಿಸಲೆಂದು ಮೇಜಿನ ಕೆಳಗಿಡುವ ಒಂದು ಸಬ್‌ವೂಫರೂ ಇರುವ 2.1 ಸೆಟ್. ಎರಡನೆಯದು ಕೆಳಗಿನ ಸ್ವರಗಳಿಗೆ 4 ಇಂಚಿನ ವೂಫರ್ ಮತ್ತು ಮೇಲಿನ ಸ್ವರಗಳಿಗೆ ಪ್ರತ್ಯೇಕ ಟ್ವೀಟರ್ ಇರುವ, ಆಂಪ್ಲಿಫೈಯರ್ ಪೆಟ್ಟಿಗೆಯೊಳಗೇ ಇರುವ, ಸಬ್‌ವೂಫರ್ ಇಲ್ಲದ 2.0 ಜೋಡಿ. ಎರಡನ್ನೂ ಸ್ನೇಹಿತರಿಂದ ಎರವಲು ತಂದಿದ್ದೇನೆ. ಹದಿನೈದು ದಿನ ಬಳಸಿ ನೋಡಿ, ನನಗೆ ಯಾವ ಬಗೆಯದು ಒಗ್ಗುತ್ತದೆಯೋ ಅಂಥದನ್ನು ಕೊಳ್ಳಬೇಕೆಂದಿದ್ದೇನೆ.

ನನ್ನ ಕೇಳುವಿಕೆ ಹೆಚ್ಚುಕಡಿಮೆ ಅರ್ಧ ಸಂಗೀತ, ಅರ್ಧ ಗೇಮ್. ಸಂಗೀತವೆಂದರೆ ಬಹುಪಾಲು ಗಾಯನ. ಗೇಮ್ ಎಂದರೆ ಎದುರಾಳಿಯ ಹೆಜ್ಜೆಯ ಸದ್ದನ್ನು ಕೇಳಿ ದಿಕ್ಕು ಗುರುತಿಸಬೇಕಾದ ಶೂಟಿಂಗ್ ಆಟಗಳು. ಮೇಜು ಗೋಡೆಗೆ ತಾಗಿಕೊಂಡಿದೆ. ಸ್ಪೀಕರ್‌ಗಳು ನನ್ನ ತಲೆಯಿಂದ ಸುಮಾರು 70 ಸೆಂಟಿಮೀಟರ್ ದೂರದಲ್ಲಿ, ಮಾನಿಟರಿನ ಎರಡೂ ಬದಿಗೆ ಇವೆ.

ಮೊದಲ ದಿನ 2.1 ಸೆಟ್ ಕೇಳಿದಾಗ ಬೇರೆ ಯೋಚನೆಯೇ ಬೇಡ ಅನ್ನಿಸಿತ್ತು. ಬೇಸ್ ಎದೆಗೆ ತಾಗುತ್ತಿತ್ತು, ಮೇಲಿನ ಸ್ವರಗಳು ಥಳಥಳಿಸುತ್ತಿದ್ದವು. ಆಮೇಲೆ 2.0 ಜೋಡಿಯನ್ನು ಹಾಕಿದರೆ ಎಲ್ಲವೂ ಮಂಕಾಗಿ ಕೇಳಿತು. ಆದರೆ ನಾಲ್ಕು ದಿನ ಕಳೆಯುವಷ್ಟರಲ್ಲಿ ಅಭಿಪ್ರಾಯ ತಿರುಗತೊಡಗಿದೆ. 2.1ರಲ್ಲಿ ಒಂದು ಗಂಟೆ ಕೇಳಿದರೆ ಕಿವಿ ದಣಿಯುತ್ತದೆ, ಗಾಯಕರ ದನಿ ಹಿಂದಕ್ಕೆ ಸರಿದು ನಿಂತಂತಿರುತ್ತದೆ, ಸ್ಫೋಟದ ಸದ್ದು ಭರ್ಜರಿಯಾಗಿ ಬಂದರೂ ಅದರ ಬೆನ್ನಿಗೇ ಬರುವ ಹೆಜ್ಜೆಯ ಸದ್ದು ತಪ್ಪಿಹೋಗುತ್ತದೆ. ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ನೋಡಿದರೆ 2.1ಕ್ಕೇ ವ್ಯಾಟ್ ಹೆಚ್ಚು. ಎರಡರ ಮೇಲೂ 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್ ಎಂದು ಒಂದೇ ರೀತಿ ಬರೆದಿದೆ.

ನನ್ನ ಯಾವ ದಿನದ ಕಿವಿಯನ್ನು ನಾನು ನಂಬಬೇಕು? ಎರಡನ್ನೂ ನ್ಯಾಯವಾಗಿ ಹೋಲಿಸಲು ಮನೆಯಲ್ಲೇ ಮಾಡಬಹುದಾದ ಕ್ರಮವೇನಾದರೂ ಇದೆಯೇ? ಮಾದರಿಗಳ ಹೆಸರನ್ನು ನಾನು ಬೇಕೆಂದೇ ಬರೆದಿಲ್ಲ. ಹೆಸರು ನೋಡಿ ಬರುವ ಶಿಫಾರಸಿಗಿಂತ ಪರೀಕ್ಷಿಸುವ ವಿಧಾನ ತಿಳಿದರೆ ಮುಂದೆಯೂ ಉಪಯೋಗಕ್ಕೆ ಬರುತ್ತದೆ.

ಮೊದಲ ಉತ್ತರ

ನಮಸ್ಕಾರ. ನಿಮ್ಮ ವಿವರಣೆಯಲ್ಲಿ ಒಂದು ವಿಷಯ ಇಲ್ಲ, ಮತ್ತು ಇಡೀ ಹೋಲಿಕೆ ನಿಂತಿರುವುದು ಅದರ ಮೇಲೆಯೇ: ಎರಡನ್ನೂ ನೀವು ಒಂದೇ ಗಟ್ಟಿತನದಲ್ಲಿ ಕೇಳಿದಿರಾ? ಒಂದೇ ಹಾಡನ್ನು ಎರಡು ಡೆಸಿಬಲ್ ಹೆಚ್ಚು ಗಟ್ಟಿಯಾಗಿ ನುಡಿಸಿದರೆ, ಕೇಳುವವರಿಗೆ ಅದು "ಹೆಚ್ಚು ಗಟ್ಟಿ" ಎಂದು ಅನ್ನಿಸುವುದಕ್ಕಿಂತ "ಹೆಚ್ಚು ಚೆನ್ನಾಗಿದೆ" ಎಂದು ಅನ್ನಿಸುವುದೇ ಜಾಸ್ತಿ. ಅದರಲ್ಲೂ ನಮ್ಮ ಕಿವಿ ಸಣ್ಣ ಸದ್ದಿನಲ್ಲಿ ಮಂದ್ರದ ಸ್ವರಗಳನ್ನು ಕಡಿಮೆ ಗ್ರಹಿಸುತ್ತದೆ. ಸದ್ದು ಏರಿದಂತೆ ಬೇಸ್ ತಾನಾಗಿಯೇ ತುಂಬಿಕೊಳ್ಳುತ್ತದೆ. ಇದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ವಕ್ರರೇಖೆಗಳಾಗಿ ತೋರಿಸಿದ್ದಾರೆ. ಮೊದಲ ದಿನ ನಿಮ್ಮನ್ನು ಮರುಳುಮಾಡಿದ್ದರಲ್ಲಿ 2.1ರ ಗುಣ ಎಷ್ಟು, ಅದರ ವಾಲ್ಯೂಮ್ ಎಷ್ಟು ಎಂಬುದನ್ನು ಬೇರ್ಪಡಿಸದೆ ಯಾವ ತೀರ್ಮಾನಕ್ಕೂ ಬರಬೇಡಿ.

ಬೇರ್ಪಡಿಸುವುದು ಕಷ್ಟವಲ್ಲ. ಪಿಂಕ್ ನಾಯ್ಸ್ ಎಂಬ ಒಂದೇ ಸಮನಾದ ಭೋರ್ಗರೆತದ ಫೈಲ್ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ನುಡಿಸಿ, ಕುಳಿತಾಗ ನಿಮ್ಮ ತಲೆ ಇರುವ ಜಾಗದಲ್ಲಿ ಮೊಬೈಲ್ ಹಿಡಿದು, ಸದ್ದು ಅಳೆಯುವ ಯಾವುದಾದರೂ ಆ್ಯಪ್‌ನಲ್ಲಿ ಅಂಕಿಯನ್ನು ಓದಿ. ಆ ಅಂಕಿ ನಿಖರವಾಗಿರಬೇಕಿಲ್ಲ. ಎರಡೂ ಸ್ಪೀಕರ್‌ಗಳಿಗೆ ಅದೇ ಮೊಬೈಲ್, ಅದೇ ಜಾಗ ಇದ್ದರೆ ಸಾಕು. ಎರಡನ್ನೂ ಅರ್ಧ ಡೆಸಿಬಲ್ ಒಳಗೆ ಸಮಮಾಡಿ, ವಾಲ್ಯೂಮ್ ಗುಂಡಿ ನಿಂತ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಸಬ್‌ವೂಫರಿನ ಪ್ರತ್ಯೇಕ ಗುಂಡಿ ಪೂರ್ತಿ ತಿರುಗಿದ್ದರೆ ಅದನ್ನು ಮೊದಲು ಇಳಿಸಿ. ಹಾಗೆ ಬಿಟ್ಟು ಸಮಮಾಡಿದರೆ ಒಟ್ಟು ಅಂಕಿಯಲ್ಲಿ ಬೇಸಿನ ಪಾಲೇ ಹೆಚ್ಚಾಗಿ, ಗಾಯನ ಇನ್ನಷ್ಟು ಕೆಳಗೆ ಹೋಗುತ್ತದೆ.

ಎರಡನೆಯ ಸಂಗತಿ ಮೇಜು. ಮೇಜಿನ ಮೇಲಿಟ್ಟ ಸ್ಪೀಕರಿನಿಂದ ನಿಮ್ಮ ಕಿವಿಗೆ ಎರಡು ಸದ್ದುಗಳು ಬರುತ್ತವೆ: ಒಂದು ನೇರವಾಗಿ, ಇನ್ನೊಂದು ಮೇಜಿನ ಹಲಗೆಗೆ ಬಡಿದು. ಟ್ವೀಟರ್ ಹಲಗೆಯಿಂದ 15 ಸೆಂಟಿಮೀಟರ್ ಎತ್ತರದಲ್ಲಿ, ಕಿವಿ 40 ಸೆಂಟಿಮೀಟರ್ ಎತ್ತರದಲ್ಲಿ, ನಡುವಿನ ಅಡ್ಡ ದೂರ 70 ಸೆಂಟಿಮೀಟರ್ ಎಂದುಕೊಳ್ಳಿ. ನೇರ ಹಾದಿ ಸುಮಾರು 74 ಸೆಂಟಿಮೀಟರ್, ಹಲಗೆಗೆ ಬಡಿದು ಬರುವ ಹಾದಿ 89 ಸೆಂಟಿಮೀಟರ್. ಈ 15 ಸೆಂಟಿಮೀಟರ್ ಅಂತರ ಯಾವ ಸ್ವರದ ಅರ್ಧ ತರಂಗಾಂತರಕ್ಕೆ ಸಮವೋ ಆ ಸ್ವರದಲ್ಲಿ ಎರಡು ಅಲೆಗಳೂ ಒಂದನ್ನೊಂದು ಅಳಿಸಲು ನೋಡುತ್ತವೆ. ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್ ಎಂದಿಟ್ಟುಕೊಂಡರೆ ಅದು 1,150 ಹರ್ಟ್ಸ್ ಆಸುಪಾಸು. ಮನುಷ್ಯನ ದನಿಯ ಸ್ಪಷ್ಟತೆಗೆ ಬೇಕಾದ ವಲಯದ ನಡುವೆಯೇ ಹೀಗೊಂದು ಹಳ್ಳ ಬೀಳುತ್ತದೆ. ಅದರ ಮೇಲೂ ಸಾಲಾಗಿ ಇಂಥವೇ ಹಳ್ಳಗಳು ಬರುತ್ತವೆ. ಗಾಯಕರ ದನಿ ಹಿಂದೆ ಸರಿದಂತೆ ಕೇಳುವುದಕ್ಕೆ ಸ್ಪೀಕರಿಗಿಂತ ಮೊದಲು ಹಲಗೆಯನ್ನೇ ಅನುಮಾನಿಸಬೇಕು.

ಪರಿಹಾರ ಸರಳವಾದದ್ದು. ಟ್ವೀಟರ್ ನಿಮ್ಮ ಕಿವಿಯ ಮಟ್ಟಕ್ಕೆ ಬರುವಂತೆ ಸ್ಟ್ಯಾಂಡ್ ಕೊಡಿ, ಇಲ್ಲವೇ ಮುಂಭಾಗವನ್ನು ಎತ್ತಿ ಸ್ಪೀಕರನ್ನು ಕಿವಿಯತ್ತ ವಾಲಿಸಿ, ಮತ್ತು ಪೆಟ್ಟಿಗೆಯನ್ನು ಮೇಜಿನ ಮುಂದಂಚಿನ ಕಡೆಗೆ ಎಳೆದುಕೊಳ್ಳಿ. ಪೆಟ್ಟಿಗೆಯ ಮುಂದೆ ಖಾಲಿ ಹಲಗೆ ಎಷ್ಟು ಕಡಿಮೆಯೋ ಪ್ರತಿಫಲನವೂ ಅಷ್ಟು ಕಡಿಮೆ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸೇರಿ ಸಮಬಾಹು ತ್ರಿಕೋನವಾಗಲಿ. ಒಂದು ಸ್ಪೀಕರ್ 10 ಸೆಂಟಿಮೀಟರ್ ಹತ್ತಿರವಾದರೂ ಅದರ ಸದ್ದು ಸುಮಾರು 0.3 ಮಿಲಿಸೆಕೆಂಡ್ ಮುಂಚೆ ತಲುಪುತ್ತದೆ, ಅಷ್ಟಕ್ಕೇ ನಡುವೆ ನಿಲ್ಲಬೇಕಾದ ದನಿ ಆ ಬದಿಗೆ ವಾಲುತ್ತದೆ.

ಹೀಗೆ ಜೋಡಿಸಿದ ಮೇಲಷ್ಟೇ ಹಾಡುಗಳನ್ನು ಹಾಕಿ. ನಿಮಗೆ ಬಾಯಿಪಾಠವಾಗಿರುವ ನಾಲ್ಕೈದು ಧ್ವನಿಮುದ್ರಣಗಳು ಸಾಕು. ಸ್ಪೀಕರನ್ನು ಮೆರೆಸಲೆಂದೇ ಮಾಡಿದ ಡೆಮೊ ಫೈಲ್‌ಗಳು ಬೇಡ. ಅವು ಎಲ್ಲ ಸ್ಪೀಕರಿನಲ್ಲೂ ಚೆನ್ನಾಗಿಯೇ ಕೇಳುತ್ತವೆ. ವಾದ್ಯಗಳ ಗದ್ದಲವಿಲ್ಲದ ಒಂಟಿ ದನಿ ಒಂದು, ಅನೇಕರು ಒಟ್ಟಿಗೆ ಹಾಡುವ ಸಮೂಹಗಾನ ಒಂದು, ಚರ್ಮವಾದ್ಯದ ನುಡಿಸಾಣಿಕೆ ಒಂದು ಇರಲಿ. ನಾನು ತಪ್ಪದೆ ಹಾಕುವುದು ತಂಬೂರಿಯ ಶ್ರುತಿಯನ್ನು. ಒಂದು ತಂತಿ ಮೀಟಿದರೆ ಆಧಾರ ಸ್ವರದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಎದ್ದುಬರುವ ಉಪಸ್ವರಗಳು ಒಳ್ಳೆಯ ಸ್ಪೀಕರಿನಲ್ಲಿ ಕಡಿಯದ ಎಳೆಯಂತೆ ಹರಿಯುತ್ತವೆ. ಮಧ್ಯದಲ್ಲೆಲ್ಲೋ ಹಳ್ಳವಿದ್ದರೆ ಆ ಎಳೆ ಅಲ್ಲಿ ಸಣ್ಣದಾಗುವುದು ಅಥವಾ ಒಂದೇ ಉಪಸ್ವರ ಜೊಂಯ್ ಎಂದು ಮುಂದೆ ಬಂದು ನಿಲ್ಲುವುದು ಕೂಡಲೇ ತಿಳಿಯುತ್ತದೆ.

ಸಾಧ್ಯವಾದರೆ ಮನೆಯವರೊಬ್ಬರಿಗೆ ಕೇಬಲ್ ಬದಲಿಸಲು ಹೇಳಿ, ನೀವು ಕಣ್ಣುಮುಚ್ಚಿ ಕೇಳಿ. ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅದೇ ಕೇಳುಗರು ಅದೇ ಸ್ಪೀಕರ್‌ಗಳಿಗೆ ಕಣ್ಣಿಗೆ ಕಾಣುವಂತಿದ್ದಾಗ ಕೊಟ್ಟ ಅಂಕಗಳೇ ಬೇರೆ, ಪರದೆಯ ಹಿಂದಿದ್ದಾಗ ಕೊಟ್ಟ ಅಂಕಗಳೇ ಬೇರೆಯಾಗಿದ್ದವು. ಅನುಭವಿಗಳೂ ಇದರಿಂದ ತಪ್ಪಿಸಿಕೊಂಡಿರಲಿಲ್ಲ. ನಾವು ಪ್ರಾಮಾಣಿಕರಾಗಿದ್ದರೂ ಕಣ್ಣು ಕಿವಿಯ ಕಿವಿಯೂದುತ್ತದೆ.

ಎರಡನೆಯ ಉತ್ತರ

ಮೇಲಿನ ಉತ್ತರ ಸಂಗೀತದ ಮಟ್ಟಿಗೆ ಪೂರ್ಣವಾಗಿದೆ. ಗೇಮಿನ ವಿಷಯದಲ್ಲಿ ಪರೀಕ್ಷೆಯೇ ಬೇರೆಯಾಗಬೇಕೆಂದು ನನ್ನ ಅನುಭವ, ಆದ್ದರಿಂದ ಅದನ್ನಷ್ಟೇ ಬರೆಯುತ್ತೇನೆ.

ಹೆಜ್ಜೆಯ ಸದ್ದು ತಪ್ಪಿಹೋಗುತ್ತಿರುವುದು ನಿಮ್ಮ ಗಮನ ಕಡಿಮೆಯಾದದ್ದರಿಂದ ಅಲ್ಲ. ಒಂದು ಗಟ್ಟಿಯಾದ ಮಂದ್ರದ ಸದ್ದು ತನಗಿಂತ ಮೇಲಿನ ಸ್ವರಗಳನ್ನು ಕಿವಿಯೊಳಗೇ ಮುಚ್ಚಿಹಾಕುತ್ತದೆ. ಮೇಲಿನ ಸ್ವರ ಕೆಳಗಿನದನ್ನು ಅಷ್ಟಾಗಿ ಮುಚ್ಚಲಾರದು. ಒಳಗಿವಿಯ ಶಂಖದ ರಚನೆಯೇ ಹಾಗಿದೆ. ಸ್ಫೋಟವಾದ ಮೇಲೆ ಸಬ್‌ವೂಫರ್ ಅರ್ಧ ಸೆಕೆಂಡ್ ಗುಂಯ್ಗುಡುತ್ತಿದ್ದರೆ, ಆ ಅವಧಿಯಲ್ಲಿ ಬಂದ ಹೆಜ್ಜೆಯ ಸದ್ದು ಸ್ಪೀಕರಿನಿಂದ ಹೊರಟರೂ ನಿಮಗೆ ಕೇಳಿದಂತಾಗುವುದಿಲ್ಲ. ಆದ್ದರಿಂದ ಗೇಮಿಗೆ ಸ್ಪೀಕರ್ ನೋಡುವಾಗ ಬೇಸ್ ಎಷ್ಟು ಜೋರು ಎಂಬುದಕ್ಕಿಂತ ಎಷ್ಟು ಬೇಗ ನಿಲ್ಲುತ್ತದೆ ಎಂಬುದನ್ನು ಗಮನಿಸಿ. ತರಬೇತಿಗೆಂದು ಇರುವ ಖಾಲಿ ಅಂಗಳಕ್ಕೆ ಹೋಗಿ ಒಂದೊಂದೇ ಗುಂಡು ಹಾರಿಸಿ. ಪ್ರತಿ ಸದ್ದಿಗೂ ಚೂಪಾದ ಆರಂಭ ಮತ್ತು ಸ್ಪಷ್ಟ ಕೊನೆ ಇರಬೇಕು.

ದಿಕ್ಕಿನ ವಿಷಯದಲ್ಲಿ ನಿಮ್ಮ ನಿರೀಕ್ಷೆಯನ್ನು ಸ್ವಲ್ಪ ತಿದ್ದಬೇಕಾಗಬಹುದು. ಎದುರಿಗಿರುವ ಎರಡು ಸ್ಪೀಕರ್‌ಗಳು ಎಡದಿಂದ ಬಲದವರೆಗಿನ ಹರವನ್ನು ಚೆನ್ನಾಗಿ ತೋರಿಸುತ್ತವೆ, ಆದರೆ ಬೆನ್ನ ಹಿಂದಿನ ಸದ್ದನ್ನು ನಂಬುವಂತೆ ತೋರಿಸಲಾರವು. ಅನೇಕ ಆಟಗಳ ಆಡಿಯೊ ಸೆಟ್ಟಿಂಗಿನಲ್ಲಿ ಹೆಡ್‌ಫೋನಿಗೆಂದೇ ಒಂದು 3ಡಿ ಆಯ್ಕೆ ಇರುತ್ತದೆ. ತಲೆ ಮತ್ತು ಕಿವಿಯ ಆಕಾರದಿಂದ ಸದ್ದು ಹೇಗೆ ಬದಲಾಗುತ್ತದೆ ಎಂಬುದನ್ನು ಅದು ಲೆಕ್ಕಹಾಕಿ ಸೇರಿಸುತ್ತದೆ. ಆ ಲೆಕ್ಕ ಸರಿಬರಲು ಎಡದ ಸದ್ದು ಎಡಗಿವಿಗಷ್ಟೇ ಹೋಗಬೇಕು. ಸ್ಪೀಕರಿನಲ್ಲಾದರೋ ಎಡದ್ದು ಎರಡು ಕಿವಿಗೂ ಕೇಳುತ್ತದೆ, ಇಡೀ ಲೆಕ್ಕ ಕೆಟ್ಟು ಸದ್ದು ಟೊಳ್ಳಾಗುತ್ತದೆ. ನೀವು ಹಿಂದೆ ಹೆಡ್‌ಫೋನ್ ಬಳಸುತ್ತಿದ್ದಿರಾದರೆ ಆ ಆಯ್ಕೆ ಇನ್ನೂ ಹಾಗೆಯೇ ಉಳಿದಿರಬಹುದು. ಆಟದಲ್ಲಿ "ಸ್ಟೀರಿಯೊ ಸ್ಪೀಕರ್" ಎಂಬುದನ್ನು ಆರಿಸಿ, ಆಪರೇಟಿಂಗ್ ಸಿಸ್ಟಂನಲ್ಲೂ ಸ್ಟೀರಿಯೊ ಎಂದೇ ಇದೆಯೇ, 7.1 (ಸುತ್ತಲೂ ಸ್ಪೀಕರ್‌ಗಳಿರುವ ವ್ಯವಸ್ಥೆ) ಎಂದಾಗಿದೆಯೇ ನೋಡಿ.

ಬ್ಲೂಟೂತ್ ಮೂಲಕ ಜೋಡಿಸಿದ್ದರೆ ಆಟದ ಮಟ್ಟಿಗೆ ಅದನ್ನು ಬಿಟ್ಟುಬಿಡಿ. ಬ್ಲೂಟೂತ್ ಸದ್ದನ್ನು ಕುಗ್ಗಿಸಿ ಕಳಿಸುವ ಸಾಮಾನ್ಯ ವಿಧಾನವಾದ ಎಸ್‌ಬಿಸಿ ಕೋಡೆಕ್‌ನಲ್ಲಿ 150ರಿಂದ 250 ಮಿಲಿಸೆಕೆಂಡ್ ವಿಳಂಬ ಇರುವುದು ಮಾಮೂಲು. ಸೆಕೆಂಡಿಗೆ 60 ಚೌಕಟ್ಟು ಓಡುವ ಆಟದಲ್ಲಿ 200 ಮಿಲಿಸೆಕೆಂಡ್ ಎಂದರೆ 12 ಚೌಕಟ್ಟುಗಳು. ಎದುರಾಳಿ ಮೂಲೆ ದಾಟಿದ ಮೇಲೆ ಅವನ ಹೆಜ್ಜೆ ಕೇಳುತ್ತದೆ. ತಂತಿಯಲ್ಲಿ ಈ ತೊಂದರೆ ಇಲ್ಲ. ಹೋಲಿಸಿ ನೋಡಿದರೆ, ಸ್ಪೀಕರಿನಿಂದ 70 ಸೆಂಟಿಮೀಟರ್ ಗಾಳಿಯಲ್ಲಿ ಬರಲು ಸದ್ದಿಗೆ ಬೇಕಾದದ್ದು 2 ಮಿಲಿಸೆಕೆಂಡ್ ಮಾತ್ರ.

ಆಡುತ್ತಾ ಸಂಗಡಿಗರೊಡನೆ ಮಾತಾಡುವ ರೂಢಿಯಿದ್ದರೆ ಇನ್ನೊಂದು ಮಾತು: ಸ್ಪೀಕರಿನ ಸದ್ದು ನಿಮ್ಮ ಮೈಕಿಗೆ ಹೋಗಿ ಅವರಿಗೆ ಪ್ರತಿಧ್ವನಿಯಾಗಿ ಕೇಳುತ್ತದೆ. ಮೈಕನ್ನು ಬಾಯಿಗೆ ಹತ್ತಿರವಿಟ್ಟು, ಎಕೋ ತಡೆಯುವ ಆಯ್ಕೆಯನ್ನು ಹಾಕಿಕೊಳ್ಳಬೇಕಾಗುತ್ತದೆ. ಪಂದ್ಯದ ಆಟಕ್ಕೆ ನಾನು ಇಂದಿಗೂ ಹೆಡ್‌ಫೋನನ್ನೇ ಹಾಕಿಕೊಳ್ಳುತ್ತೇನೆ, ಕಥೆಯಿರುವ ಆಟಗಳಿಗೆ ಸ್ಪೀಕರ್. ಒಂದೇ ಸಾಧನ ಎರಡನ್ನೂ ಪೂರ್ತಿ ಮಾಡಲೇಬೇಕೆಂಬ ಹಟವನ್ನು ಬಿಟ್ಟರೆ ಸ್ಪೀಕರಿನ ಆಯ್ಕೆ ಬಹಳ ಸುಲಭವಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಮೂರು ಸಂಜೆ ಕುಳಿತು ಹೇಳಿದ್ದನ್ನೆಲ್ಲ ಮಾಡಿ ನೋಡಿದೆ.

ಪಿಂಕ್ ನಾಯ್ಸ್ ಹಾಕಿ ಅಳೆದಾಗ ಮೊದಲು ಗೊತ್ತಾದದ್ದು, ನಾನು ದಿನವೂ ಬಳಸುತ್ತಿದ್ದ ಗುಂಡಿಯ ಜಾಗದಲ್ಲಿ 2.1 ಸೆಟ್ 4 ಡೆಸಿಬಲ್ ಹೆಚ್ಚು ಗಟ್ಟಿಯಾಗಿತ್ತು ಎಂಬುದು. ಸಬ್‌ವೂಫರಿನ ಗುಂಡಿ ಮುಕ್ಕಾಲು ಭಾಗ ತಿರುಗಿತ್ತು. ಅದನ್ನು ಇಳಿಸಿ ಎರಡನ್ನೂ ಸಮಮಾಡಿದ ಮೇಲೆ 2.0 ಜೋಡಿಯ ಮಂಕುತನ ಎಂದು ನಾನು ಕರೆದದ್ದು ಹುಡುಕಿದರೂ ಸಿಗಲಿಲ್ಲ. ಆಮೇಲೆ ದಪ್ಪ ಪುಸ್ತಕಗಳನ್ನು ಪೇರಿಸಿ ಸ್ಪೀಕರ್‌ಗಳನ್ನು ಎತ್ತರಿಸಿದೆ, ಮುಂದಕ್ಕೆ ಎಳೆದೆ. ಒಂಟಿ ದನಿಯ ಹಾಡಿನಲ್ಲಿ ಆದ ವ್ಯತ್ಯಾಸ ನನ್ನನ್ನು ಬೆರಗುಗೊಳಿಸಿತು. ಗಾಯಕಿ ಮಾನಿಟರಿನ ನಟ್ಟನಡುವೆ ಬಂದು ನಿಂತರು. ಒಂದು ಸಾಲು ಮುಗಿದು ಇನ್ನೊಂದು ತೊಡಗುವ ಮುನ್ನ ಅವರು ಉಸಿರು ತೆಗೆದುಕೊಳ್ಳುವುದು ಕೇಳಿತು. ಈ ಧ್ವನಿಮುದ್ರಣವನ್ನು ನಾನು ವರ್ಷಗಳಿಂದ ಕೇಳುತ್ತಿದ್ದೇನೆ, ಆ ಉಸಿರನ್ನು ಕೇಳಿದ್ದು ಇದೇ ಮೊದಲು. 2.1ರಲ್ಲೂ ಸುಧಾರಣೆ ಆಯಿತು, ಆದರೆ ತಂಬೂರಿಯ ಎಳೆ ಅದರಲ್ಲಿ ಬೇಸಿಗಿಂತ ತುಸು ಮೇಲಿನ ಸ್ವರಗಳ ಹತ್ತಿರ ತೆಳುವಾಗುತ್ತದೆ.

ಆಟದಲ್ಲಿ ಹೆಡ್‌ಫೋನ್ ಆಯ್ಕೆ ಹಾಗೆಯೇ ಉಳಿದಿತ್ತು. ಬದಲಿಸಿದೆ. ಎಡಬಲಗಳು ಈಗ ಖಚಿತವಾಗಿವೆ.

ಹೀಗಾಗಿ ನಾನು 2.0ರ ಕಡೆಗೆ ವಾಲಿದ್ದೇನೆ. ಎರಡು ಅನುಮಾನಗಳು ಉಳಿದಿವೆ. 200 ಹರ್ಟ್ಸ್‌ನಿಂದ ಕೆಳಕ್ಕಿಳಿಯುವ ಸ್ವರವನ್ನು ಹಾಕಿದಾಗ 2.0 ಜೋಡಿ 60 ಹರ್ಟ್ಸ್ ದಾಟಿದ ಕೂಡಲೇ ಬರಿದಾಗುತ್ತದೆ. ಪೆಟ್ಟಿಗೆಯ ಮೇಲಿನ 20 ಹರ್ಟ್ಸ್ ಎಂಬುದು ಹಾಗಾದರೆ ಏನು? ಮುಂದೆ ಇದಕ್ಕೊಂದು ಸಬ್‌ವೂಫರ್ ಸೇರಿಸಿದರೆ 2.1ರ ದೋಷವೇ ಮರಳಿ ಬರುವುದೇ? ಇನ್ನು, ಏನೂ ನುಡಿಸದಿದ್ದಾಗ 2.0ರ ಟ್ವೀಟರಿನಿಂದ ಸಣ್ಣ ಸುಯ್ಯೆಂಬ ಸದ್ದೂ, ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಬಿದ್ದಾಗ ಕಿರಿಕಿರಿ ಸದ್ದೂ ಬರುತ್ತವೆ.

ಮೂರನೆಯ ಉತ್ತರ

ಸಬ್‌ವೂಫರಿನ ಮೇಲೆ ಇಲ್ಲಿ ಬಂದಿರುವ ಆಪಾದನೆ ಅರ್ಧ ಮಾತ್ರ ಸರಿ, ಅದಕ್ಕಾಗಿ ಬರೆಯುತ್ತಿದ್ದೇನೆ. ನಿಮ್ಮ 2.1 ಸೆಟ್ಟಿನಲ್ಲಿ ಕೆಟ್ಟದ್ದು ಸಬ್‌ವೂಫರ್ ಇರುವುದಲ್ಲ, ಆ ಪುಟ್ಟ ಪೆಟ್ಟಿಗೆಗಳು ತೀರ ಪುಟ್ಟದಾಗಿರುವುದು. ಎರಡೂವರೆ ಮೂರು ಇಂಚಿನ ಡ್ರೈವರ್ (ಸದ್ದು ಹೊರಡಿಸುವ ಭಾಗ) 150 ಹರ್ಟ್ಸ್‌ಗಿಂತ ಕೆಳಗೆ ಸೊರಗುತ್ತದೆ. ಆದ್ದರಿಂದ ತಯಾರಕರು ಸಬ್‌ವೂಫರನ್ನು 150, 200 ಹರ್ಟ್ಸ್‌ವರೆಗೂ ದುಡಿಸುತ್ತಾರೆ. ಅಷ್ಟು ಮೇಲಿನ ಸ್ವರಗಳ ದಿಕ್ಕನ್ನು ನಮ್ಮ ಕಿವಿ ಗುರುತಿಸಬಲ್ಲದು. ಗಂಡಸಿನ ದನಿಯ ಬುಡ ಮೇಜಿನ ಕೆಳಗಿನಿಂದಲೂ, ಉಳಿದ ಭಾಗ ಮೇಜಿನ ಮೇಲಿನಿಂದಲೂ ಬಂದು ಗಾಯಕ ಎರಡು ತುಂಡಾಗುತ್ತಾನೆ. ನಿಮಗೆ ತಂಬೂರಿಯ ಎಳೆ ತೆಳುವಾಗಿ ಕೇಳಿದ ಜಾಗವೂ ಈ ಎರಡರ ಸಂಧಿಯೇ ಇರಬೇಕು. ನಿಮ್ಮ 4 ಇಂಚಿನ ಜೋಡಿಯಾದರೆ 80 ಹರ್ಟ್ಸ್‌ವರೆಗೆ ತಾನೇ ನಿಭಾಯಿಸುತ್ತದೆ. ಅದರ ಕೆಳಗಿನದನ್ನಷ್ಟೇ ಸಬ್‌ವೂಫರಿಗೆ ಬಿಟ್ಟರೆ ಸದ್ದು ಎಲ್ಲಿಂದ ಬರುತ್ತಿದೆ ಎಂಬುದು ತಿಳಿಯುವುದೇ ಇಲ್ಲ. ಚಿಕ್ಕ ವೂಫರಿಗೂ ಹೊರೆ ಇಳಿಯುತ್ತದೆ: ಸ್ವರ ಒಂದು ಸ್ಥಾಯಿ ಕೆಳಗಿಳಿದರೆ ಅಷ್ಟೇ ಗಟ್ಟಿತನಕ್ಕೆ ವೂಫರಿನ ಅದುರುವ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು. ಬೇಸ್ ಬೇಕೆಂದು, ಬೇರೆ ಬೇರೆ ಸ್ವರಗಳ ಮಟ್ಟ ಏರಿಳಿಸುವ ಈಕ್ವಲೈಜರಿನಲ್ಲಿ 40 ಹರ್ಟ್ಸನ್ನು ಏರಿಸುವವರು ಆ ಪುಟ್ಟ ಕೋನಿನಿಂದ ಕೇಳುತ್ತಿರುವುದು ಇಂಥ ಅಸಾಧ್ಯ ದುಡಿಮೆಯನ್ನು.

ಆದರೆ ನಿಮಗೆ ಸಬ್‌ವೂಫರ್ ಬೇಕೇ ಎಂಬುದು ಬೇರೆ ಮಾತು. ಬೇಸ್ ಗಿಟಾರಿನ ಸಾಮಾನ್ಯ ಶ್ರುತಿಯ ಅತಿ ಕೆಳಗಿನ ತಂತಿ 41 ಹರ್ಟ್ಸ್, ಪಿಯಾನೋದ ಕೊನೆಯ ಮನೆ 27.5 ಹರ್ಟ್ಸ್. ಗಾಯನವೇ ಮುಖ್ಯವಾದವರಿಗೆ 60 ಹರ್ಟ್ಸ್‌ನ ಕೆಳಗೆ ಕಳೆದುಕೊಳ್ಳುವುದು ಬಹಳವೇನಿಲ್ಲ. ಒಂದೆರಡು ತಿಂಗಳು ಕೊರತೆ ಕಾಡಿದರೆ ಆಗ ಸೇರಿಸಿ. ಈಗಲೇ ಮಾಡಬೇಕಾದದ್ದು, ಕೊಳ್ಳುವ 2.0 ಜೋಡಿಗೆ ಸಬ್‌ವೂಫರಿಗೆ ಸಿಗ್ನಲ್ ಕೊಡುವ ಔಟ್ ಮತ್ತು ಸಬ್‌ವೂಫರ್ ಸೇರಿಸಿದಾಗ ತನ್ನ ಕೆಳಸ್ವರಗಳನ್ನು ತಾನೇ ಕತ್ತರಿಸಿಕೊಳ್ಳುವ ವ್ಯವಸ್ಥೆ ಇದೆಯೇ ಎಂದು ನೋಡುವುದು.

ಇನ್ನು ಪೆಟ್ಟಿಗೆಯ ಅಂಕಿಗಳು. "20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್" ಎಂದಷ್ಟೇ ಬರೆದರೆ ಅದಕ್ಕೆ ಅರ್ಥವಿಲ್ಲ. ಅದು ಮನುಷ್ಯನ ಶ್ರವಣದ ವ್ಯಾಪ್ತಿಯೇ ಹೊರತು ಸ್ಪೀಕರಿನದಲ್ಲ. ಅಂಕಿಯ ಪಕ್ಕದಲ್ಲಿ ಪ್ಲಸ್ ಅಥವಾ ಮೈನಸ್ 3 ಡೆಸಿಬಲ್ ಎಂಬ, ಅಂದರೆ ಆ ವ್ಯಾಪ್ತಿಯಲ್ಲಿ ಸದ್ದು ಎಷ್ಟರೊಳಗೆ ಏರಿಳಿಯುತ್ತದೆಂಬ ಮಿತಿ ಇದ್ದರೆ ಮಾತ್ರ ಅದು ಅಳತೆ. ಮೈನಸ್ 10 ಡೆಸಿಬಲ್ ಮಿತಿಯಲ್ಲಿ ಕೊಟ್ಟ ಅಂಕಿ ಅದಕ್ಕಿಂತ ಉದಾರವಾಗಿ ಕಾಣುತ್ತದೆ. ವ್ಯಾಟ್ ಕಥೆಯೂ ಹೀಗೆಯೇ. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿಯೆಂದು ಹೇಳಿಕೊಳ್ಳುವ ಅಂಕಿ) ಎಂದು ಬರೆದದ್ದನ್ನು ಓದದೆ ಬಿಡಿ, ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಶಕ್ತಿಯ) ಅಂಕಿ ನೋಡಿ. ಒಂದು ವ್ಯಾಟ್‌ಗೆ ಒಂದು ಮೀಟರಿನಲ್ಲಿ 85 ಡೆಸಿಬಲ್ ಕೊಡುವ ಸ್ಪೀಕರನ್ನು 70 ಸೆಂಟಿಮೀಟರಿನಲ್ಲಿ ಕೇಳಿದರೆ ದೂರ ಕಡಿಮೆಯಾದದ್ದಕ್ಕೆ 3, ಜೋಡಿಯಾದದ್ದಕ್ಕೆ 3 ಸೇರಿ 91 ಡೆಸಿಬಲ್ ಆಗುತ್ತದೆ. ಸರಾಸರಿ 75 ಡೆಸಿಬಲ್‌ನಲ್ಲಿ ಕೇಳುತ್ತ, ಅದಕ್ಕಿಂತ 20 ಡೆಸಿಬಲ್ ಮೇಲೇರುವ ಕ್ಷಣಗಳಿಗೂ ಜಾಗ ಬಿಟ್ಟರೆ ಪ್ರತಿ ಸ್ಪೀಕರಿಗೆ ಬೇಕಾದದ್ದು ಎರಡೂವರೆ ವ್ಯಾಟ್. ಬೇಸಿಗೆ ಮತ್ತಷ್ಟು ಮೀಸಲು ಬೇಕೆಂದರೂ ನೂರಾರು ವ್ಯಾಟ್‌ಗಳ ಅಗತ್ಯ ಮೇಜಿನ ಮೇಲೆ ಎಂದೂ ಬರುವುದಿಲ್ಲ. ಜೋರು ಬೇಕೆಂದೇ ಹೊರಟವರು, ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದನ್ನೂ ನೆನಪಿಡಲಿ.

ಅಂಕಿಗಳಲ್ಲೇ ನಂಬುವಂಥದ್ದೂ ಒಂದಿದೆ. ಸಿಟಿಎ-2034 ಎಂಬ ಅಳತೆಯ ಕ್ರಮದಲ್ಲಿ ಸ್ಪೀಕರನ್ನು ಅಡ್ಡಡ್ಡಲಾಗಿಯೂ ಮೇಲುಕೆಳಗಾಗಿಯೂ 10 ಡಿಗ್ರಿಗೊಮ್ಮೆ ತಿರುಗಿಸುತ್ತಾ 70 ಕೋನಗಳಿಂದ ಅಳೆದು ರೇಖೆಗಳನ್ನು ಎಳೆಯುತ್ತಾರೆ. ನೀವು ಕೊಳ್ಳಬೇಕೆಂದಿರುವ ಮಾದರಿಗೆ ಅದು ಸಿಕ್ಕಿದರೆ ಎದುರಿನ ರೇಖೆ ಸಮತಟ್ಟಾಗಿದೆಯೇ, ಪಕ್ಕಕ್ಕೆ ಹೋಗುವ ಸದ್ದಿನ ರೇಖೆ ಕುಪ್ಪಳಿಸದೆ ಮೆಲ್ಲಗೆ ಇಳಿಯುತ್ತದೆಯೇ ಎಂಬ ಎರಡನ್ನು ನೋಡಿ. ಅಂಥ ಸ್ಪೀಕರ್‌ಗಳನ್ನೇ ಕಣ್ಣುಕಟ್ಟಿದ ಕೇಳುಗರಲ್ಲಿ ಹೆಚ್ಚಿನವರು ಮೆಚ್ಚಿದ್ದಾರೆ.

ನಾಲ್ಕನೆಯ ಉತ್ತರ

ಸದ್ದುಗಳ ಬಗ್ಗೆ ಮಾತ್ರ. ಸುಯ್ಯೆನ್ನುವುದು ಸ್ಪೀಕರಿನೊಳಗಿನ ಆಂಪ್ಲಿಫೈಯರಿನದು. ಕೇಬಲ್ ಕಿತ್ತರೂ ಅದು ಇರುತ್ತದೆ. ಎರಡು ಮೀಟರ್ ದೂರದಲ್ಲಿ ಕೇಳಿಸದ ಆ ಸದ್ದು ಅರ್ಧ ಮೀಟರಿನಲ್ಲಿ ರಾತ್ರಿಯ ಹೊತ್ತು ಕಾಡುತ್ತದೆ, ಆದ್ದರಿಂದ ಫ್ಯಾನ್ ನಿಲ್ಲಿಸಿ, ನಿಶ್ಶಬ್ದವಾದ ವೇಳೆಯಲ್ಲಿ, ನೀವು ಕುಳಿತುಕೊಳ್ಳುವ ಜಾಗದಿಂದಲೇ ಪರೀಕ್ಷಿಸಿ ತಡೆದುಕೊಳ್ಳಬಹುದೇ ಎಂದು ನಿರ್ಧರಿಸಿ. ಗ್ರಾಫಿಕ್ಸ್ ಕಾರ್ಡಿನೊಡನೆ ಏರಿಳಿಯುವ ಕಿರಿಕಿರಿ ಸ್ಪೀಕರಿನ ದೋಷವಲ್ಲ. ಅದು ಕಂಪ್ಯೂಟರಿನ ವಿದ್ಯುತ್ ಗಲಾಟೆ ಗ್ರೌಂಡ್ ತಂತಿಯ ಮೂಲಕ 3.5 ಮಿಲಿಮೀಟರ್ ಕೇಬಲ್ಲಿಗೆ ನುಸುಳಿದ್ದು. ಆಪ್ಟಿಕಲ್ ಕೇಬಲ್ಲಿನಲ್ಲಿ ಹರಿಯುವುದು ಬೆಳಕಾದ್ದರಿಂದ ಆ ಗಲಾಟೆ ದಾಟಿಬರಲು ಹಾದಿಯೇ ಇಲ್ಲ. ನಿಮ್ಮ ಸ್ಪೀಕರಿನಲ್ಲಿ ಬ್ಯಾಲೆನ್ಸ್ಡ್ ಇನ್‌ಪುಟ್ (ಕೇಬಲ್ಲಿಗೆ ನುಸುಳಿದ ಗಲಾಟೆಯನ್ನು ಕಳೆಯುವ ಜೋಡಣೆ) ಇದ್ದರೆ ಅದೂ ಒಳ್ಳೆಯ ದಾರಿ. ಯುಎಸ್‌ಬಿಯಿಂದ ಕೆಲವೊಮ್ಮೆ ಹೋಗುತ್ತದೆ, ಕೆಲವೊಮ್ಮೆ ಹೋಗುವುದಿಲ್ಲ, ಏಕೆಂದರೆ ಅದರಲ್ಲೂ ಗ್ರೌಂಡ್ ತಂತಿ ಇದೆ. ಗುಂಯ್ಗುಡುವಿಕೆ ನಿಲ್ಲಲೆಂದು ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನು ತೆಗೆದುಹಾಕುವ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಪಾಲಿಸಬೇಡಿ, ಅದು ಪ್ರಾಣಾಪಾಯದ ಕೆಲಸ.

ಸದ್ದಿಲ್ಲದಾಗ ತಾನೇ ಮಲಗುವ ಸೌಲಭ್ಯವನ್ನೂ ಪರೀಕ್ಷಿಸಿ. ನಾನು ಹಿಂದೆ ಇಟ್ಟುಕೊಂಡಿದ್ದ ಜೋಡಿಯೊಂದು ಆಲಾಪದ ಮೆಲುದನಿಯನ್ನು ಮೌನವೆಂದು ತಿಳಿದು ನಡುವೆಯೇ ನಿಂತುಹೋಗುತ್ತಿತ್ತು, ಮತ್ತೆ ಏಳಲು ಎರಡು ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಆ ಸೌಲಭ್ಯವನ್ನು ನಿಲ್ಲಿಸುವ ಸ್ವಿಚ್ಚೇ ಅದರಲ್ಲಿ ಇರಲಿಲ್ಲ. ಆರು ತಿಂಗಳು ಸಹಿಸಿ ಮಾರಿಬಿಟ್ಟೆ.

ಮೊದಲ ಉತ್ತರ ಬರೆದವರು

ಗೋಡೆಯ ಬಗ್ಗೆ ಬರೆಯುವುದನ್ನು ನಾನು ಮರೆತಿದ್ದೆ. ಸ್ಪೀಕರಿನ ಮುಖ ಗೋಡೆಯಿಂದ 25 ಸೆಂಟಿಮೀಟರ್ ದೂರದಲ್ಲಿದ್ದರೆ ಹಿಂದಿನ ಗೋಡೆಗೆ ಬಡಿದು ಮರಳುವ ಅಲೆ 340 ಹರ್ಟ್ಸ್ ಬಳಿ ಒಂದು ಹಳ್ಳ ಮಾಡುತ್ತದೆ, ಜೊತೆಗೆ ಗೋಡೆಯ ಸಾಮೀಪ್ಯ ಬೇಸನ್ನು ಉಬ್ಬಿಸುತ್ತದೆ. ಪೆಟ್ಟಿಗೆಯ ಹಿಂಬದಿಯಲ್ಲಿ ಬೇಸ್ ತಗ್ಗಿಸುವ ಸ್ವಿಚ್ ಇದ್ದರೆ ಅದು ಇಂಥ ಸನ್ನಿವೇಶಕ್ಕೆಂದೇ ಇರುವುದು. ಗಾಳಿಯ ರಂಧ್ರ ಹಿಂಬದಿಗೆ ಇದ್ದರೆ ಅದು ಗೋಡೆಗೆ ಮುಚ್ಚಿಕೊಳ್ಳದಂತೆ ಒಂದು ಗೇಣು ಜಾಗ ಬಿಡಿ. ಉಳಿದ ಉಬ್ಬನ್ನು ಈಕ್ವಲೈಜರ್ ಎಪಿಒ ಎಂಬ ಉಚಿತ ತಂತ್ರಾಂಶದಲ್ಲಿ ಇಳಿಸಬಹುದು. ಉಬ್ಬುಗಳನ್ನಷ್ಟೇ ಇಳಿಸಿ, ಹಳ್ಳಗಳನ್ನು ತುಂಬಲು ಹೋಗಬೇಡಿ. ಪ್ರತಿಫಲನದಿಂದ ಆದ ಹಳ್ಳಕ್ಕೆ ಎಷ್ಟು ಸುರಿದರೂ ಅಳಿಸುವ ಅಲೆಯೂ ಅಷ್ಟೇ ಬೆಳೆಯುತ್ತದೆ.

ಪ್ರಶ್ನೆ ಕೇಳಿದವರು

ನಾನು 2.0 ಬಗೆಯದನ್ನೇ ಕೊಳ್ಳುವುದೆಂದು ನಿರ್ಧರಿಸಿದೆ. ಆಪ್ಟಿಕಲ್ ಇನ್‌ಪುಟ್, ಸಬ್‌ವೂಫರ್ ಔಟ್, ಬೇಸ್ ಸ್ವಿಚ್, ತಾನೇ ಮಲಗುವುದನ್ನು ನಿಲ್ಲಿಸುವ ಆಯ್ಕೆ ಈ ನಾಲ್ಕೂ ಇರುವ ಮಾದರಿಗಳು ಮೂರು ಸಿಕ್ಕಿವೆ. ಅವುಗಳಲ್ಲಿ ಒಂದಕ್ಕೆ 70 ಕೋನಗಳ ಅಳತೆಯೂ ಪ್ರಕಟವಾಗಿದೆ, ರೇಖೆಗಳು ನೀವು ಹೇಳಿದಂತೆಯೇ ಇಳಿಯುತ್ತವೆ. ಎರವಲು ತಂದ ಜೋಡಿಯನ್ನು ಆಪ್ಟಿಕಲ್ ಕೇಬಲ್ಲಿಗೆ ಬದಲಿಸಿದ ಕೂಡಲೇ ಗ್ರಾಫಿಕ್ಸ್ ಕಾರ್ಡಿನ ಕಿರಿಕಿರಿ ನಿಂತಿತು. ಸುಯ್ಯೆನ್ನುವುದು ಉಳಿದಿದೆ, ರಾತ್ರಿ ಹನ್ನೊಂದರ ಮೇಲೆ ಮಾತ್ರ ಕೇಳುತ್ತದೆ. ಪಂದ್ಯದ ಆಟಗಳಿಗೆ ಹೆಡ್‌ಫೋನನ್ನು ಮತ್ತೆ ಹೊರತೆಗೆದಿದ್ದೇನೆ. ಅದನ್ನು ಹಾಕುವಾಗಲೆಲ್ಲ ಆಟದ ಸೆಟ್ಟಿಂಗ್ ಬದಲಿಸಲು ಮರೆಯಬಾರದೆಂದು ಮಾನಿಟರಿನ ಅಂಚಿಗೆ ಒಂದು ಚೀಟಿ ಅಂಟಿಸಿದ್ದೇನೆ. ಪುಸ್ತಕಗಳ ಬದಲು ಕಿವಿಯ ಎತ್ತರಕ್ಕೆ ಸರಿಯಾದ ಎರಡು ಮರದ ದಿಮ್ಮಿಗಳನ್ನು ಮಾಡಿಸಲು ಅಳತೆ ಕೊಟ್ಟುಬಂದಿದ್ದೇನೆ.